ಮೂರನೆಯ ಪಂಪು

ಮೊದಲು ಒಂದು ಗುಂಡಿ.
ಊರಿನ ಎಲ್ಲ ತೋಡುಗಳಿಗಿಂತ ತಗ್ಗಿನಲ್ಲಿ,
ತಾನಾಗಿಯೇ ಬಂದೆ ಎಂದು ನೀರಿಗೆ ಅನ್ನಿಸುವಷ್ಟು ತಗ್ಗಿನಲ್ಲಿ.
ಅದರ ಬಾಯಿಗೆ ಕಬ್ಬಿಣದ ಜಾಲರಿ:
ಒಂಟಿ ಚಪ್ಪಲಿ, ಬೊಂಡದ ಚಿಪ್ಪು, ಮೀನಿನ ಥರ್ಮೋಕೋಲ್ ಪೆಟ್ಟಿಗೆ
ಇಲ್ಲೇ ನಿಲ್ಲಬೇಕು.
ಆಮೇಲೆ ಪಂಪುಗಳು.

ಕಡತ ಮಲಯಾಳದಲ್ಲಿ, ನಕ್ಷೆ ಇಂಗ್ಲಿಷಿನಲ್ಲಿ.
ಗುಣಿಸುವುದು ಮಾತ್ರ ಈಗಲೂ ಅಡೂರು ಶಾಲೆಯ ಮಗ್ಗಿಯಲ್ಲಿ.
ಹದಿನೇಳೆಂಟ್ಲಿ ನೂರ ಮೂವತ್ತಾರು.
ತುಟಿ ಅಲ್ಲಾಡುವುದ ಕಂಡು
ಓವರ್ಸಿಯರ್ ಶೈಲಜನ್ ನಗುತ್ತಾನೆ.

ನೀರು ಎಲ್ಲಿವರೆಗೆ ಏರಿತ್ತು ಆ ವರ್ಷ?
ದಾಖಲೆ ಪುಸ್ತಕ ಕೇಳಿದೆ.
ಆ ಪುಸ್ತಕ ಆ ನೀರಿನಲ್ಲೇ ಹೋಯಿತು ಅಂದರು.

ಅಳತೆ ಕೋಲು ಹಿಡಿದು ತಳಂಗರೆಯ ತಗ್ಗಿಗೆ ಇಳಿದೆ.
ಬೀಪಾತುಮ್ಮ ಟೋಪಿ ಹೊಲಿಯುತ್ತಿದ್ದರು.
ಸೂಜಿ ನಿಲ್ಲಿಸದೆ, ಗಲ್ಲದಿಂದಲೇ ಕಪಾಟು ತೋರಿಸಿದರು:
"ಎರಡನೇ ಹಲಗೆ. ಎಪ್ಪತ್ತೊಂದು ಟೋಪಿ ಒದ್ದೆ.
ಅದು ಮಳೆಯ ನೀರಲ್ಲ ಮೋಳೇ,
ಬಚ್ಚಲಿನ ತೂತಿನಿಂದ ಬಂತು,
ಮೆಟ್ಟು ಹೊರಗೆ ಕಳಚಿಟ್ಟು ಬರುವ ನೆಂಟರ ಹಾಗೆ ಮೆಲ್ಲ.
ನಾಲಗೆಗೆ ಹಾಕಿ ನೋಡಿದೆ.
ಉಪ್ಪು."

ನಾಲ್ಕು ವಾರ ಕಂಪ್ಯೂಟರಿಗೆ ಸಿಗದ್ದು
ಒಂದು ನಾಲಗೆಗೆ ಸಿಕ್ಕಿತ್ತು.
ತೋಡಿನ ತುದಿಗೆ ಒಂದು ಮುಚ್ಚಳ ಬರೆದೆ,
ಹೊರಮುಖವಾಗಿ ಮಾತ್ರ ತೆರೆಯುವ ಬಾಗಿಲು.
ಹೋಗುವವರಿಗೆ ದಾರಿ.
ಬರುವ ಕಡಲಿಗೆ ಹಣೆ ಬಡಿತ.

ಆಟಿ ಅಮಾವಾಸ್ಯೆಯ ದಿನ
ಹಾಲೆ ಕೆತ್ತೆಯ ಕಷಾಯ ಕುಡಿದ ಕಹಿ ಬಾಯಲ್ಲೇ
ಅಳಿವೆಗೆ ಹೋದೆ.
ಚಂದ್ರಗಿರಿ ಹಿಂದಕ್ಕೆ ಹರಿಯುತ್ತಿತ್ತು.
ಮೇಲಿನಿಂದ ಮಳೆ, ಮುಂದಿನಿಂದ ಉಬ್ಬರ,
ನಡುವೆ ಊರು, ಮೀಯಿಸಲು ಕೂರಿಸಿದ ಮಗುವಿನ ಹಾಗೆ
ತೊಟ್ಟಿಯೊಳಗೆ.
ಆರು ತಾಸು.
ನನ್ನ ಎಲ್ಲ ಲೆಕ್ಕ ಆ ಆರು ತಾಸಿಗೆ.
ಉಳಿದ ವರ್ಷವಿಡೀ ತೋಡು ತನ್ನ ಕೆಲಸ ತಾನೇ ಮಾಡುತ್ತದೆ.

ಮೂರು ಪಂಪು ಬರೆದೆ.
ಎರಡು ಓಡಲು, ಒಂದು ಸುಮ್ಮನಿರಲು.
ಕಡತ ಕೆಂಪು ಶಾಯಿ ಹೊತ್ತು ಮರಳಿತು:
ಸುಮ್ಮನಿರುವುದಕ್ಕೆ ಹನ್ನೆರಡು ಲಕ್ಷವೆ?
ಉತ್ತರ ಬರೆದೆ. ಹರಿದೆ. ಬರೆದೆ.
ಬೀಪಾತುಮ್ಮನ ಕಪಾಟಿನಲ್ಲಿ, ಎಲ್ಲಕ್ಕಿಂತ ಮೇಲಿನ ಹಲಗೆಯಲ್ಲಿ
ಯಾವ ತಲೆಯ ಅಳತೆಯೂ ಅಲ್ಲದ ಒಂದು ಟೋಪಿ ಇತ್ತು.
ಯಾರಿಗೆ, ಕೇಳಿದ್ದೆ.
"ಇರಲಿ" ಅಂದಿದ್ದರು.
ಕಡತದಲ್ಲಿ ಇರಲಿ ಎಂದು ಬರೆಯಲಾಗುವುದಿಲ್ಲ.

ಲೋಕನಾಥ ಪುತ್ರನ್ ಬಲೆಯ ಗಂಟು ಬಿಡಿಸುತ್ತ ಕೇಳಿದರು:
"ಎತ್ತಿದ್ದನ್ನು ಎಲ್ಲಿ ಇಳಿಸುತ್ತೀರಿ, ಮೇಡಂ?"
ಹೊಯಿಗೆಯ ಮೇಲೆ ನಕ್ಷೆ ಬಿಚ್ಚಿದೆ.
ಬಾಣದ ಗುರುತು ನೇರ ಅವರ ದೋಣಿಗಳ ಮೂತಿಗೆ.
ನಾನೇ ಎಳೆದದ್ದು, ಸ್ಕೇಲಿಟ್ಟು.
ಆ ರಾತ್ರಿ ಪೈಪಿಗೊಂದು ಬಾಗು ಕೊಟ್ಟೆ,
ನಲವತ್ತು ಮೀಟರ್ ಹೆಚ್ಚು, ಸೆಳೆತ ಇರುವ ಕಡೆಗೆ.
ಪೂರ್ತಿ ಸರಿಯಾಗಲಿಲ್ಲ. ಅವರಿಗೂ ಗೊತ್ತು.
ಕಾರಣ ಎಂಬ ಕಾಲಮ್ಮಿನಲ್ಲಿ
ಜಾಗ ಒಂದೇ ಸಾಲು.

ಹನ್ನೊಂದು ಹಾಳೆ ಮುಗಿಸಿ ನೋಡಿದರೆ
ಎಲ್ಲೂ ಮನುಷ್ಯನಿಲ್ಲ.
ಕರೆಂಟು ಹೋದ ನಡುರಾತ್ರಿ ಜನರೇಟರ್ ಎಬ್ಬಿಸುವವನು,
ಜಾಲರಿಗೆ ಕಚ್ಚಿದ ಬಾಳೆದಿಂಡನ್ನು ಕೊಕ್ಕೆಯಲ್ಲಿ ಎಳೆಯುವವನು
ಎಲ್ಲಿ ಕೂರಬೇಕು?
ರಬ್ಬರಿನಿಂದ ಅರ್ಧ ಗೋಡೆ ಅಳಿಸಿದೆ.
ಕಿಟಕಿ, ತೋಡು ಕಾಣುವಂತೆ.
ಬೆಂಚು, ಬೀಪಾತುಮ್ಮನ ಎರಡನೇ ಹಲಗೆಗಿಂತ ಒಂದು ಗೇಣು ಮೇಲೆ.
ಒದ್ದೆ ಲುಂಗಿ ತೂಗಲು ಒಂದು ಮೊಳೆ.
ಮೊಳೆಗೆ ದರಪಟ್ಟಿಯಲ್ಲಿ ಸಂಖ್ಯೆ ಇಲ್ಲ,
ನನ್ನ ಲೆಕ್ಕದಲ್ಲೇ ಬರೆದುಕೊಂಡೆ.

ನಾಳೆ ಹಾಳೆಗಳು ಮೇಲೆ ಹೋಗುತ್ತವೆ.
ಎರಡು ಪಂಪು ಶಾಯಿಯಲ್ಲಿವೆ.
ಮೂರನೆಯದು ಪೆನ್ಸಿಲಿನಲ್ಲಿ.
ಅಳಿಸಿದರೂ ಗೀರು ಉಳಿಯುವಷ್ಟು
ಒತ್ತಿ ಬರೆದಿದ್ದೇನೆ.